ಮಂಜಿಗೆ ಹೊಡೆದ ಮದ್ದು

ಹೋದ ಜೂನಿನಲ್ಲಿ ಜಯಪುರದ ನಾದಿನಿಯ ಮನೆಗೆ ಹೋಗಿದ್ದೆ. ಅಡಿಕೆಗೆ ಮದ್ದು ಹೊಡೆಯುವ ದಿನ. ಅಂಗಳದಲ್ಲಿ ಪ್ಲಾಸ್ಟಿಕ್ ಡ್ರಮ್ಮಿನ ತುಂಬ ಮೈಲುತುತ್ತವೆಂಬ ತಾಮ್ರದ ಉಪ್ಪಿನ ನೀಲಿ ದ್ರಾವಣ, ಪಕ್ಕದಲ್ಲಿ ಸುಣ್ಣದ ಬಕೆಟ್. ಕೊಳೆರೋಗ ಬಾರದ ಹಾಗೆ ಮಲೆನಾಡಿನವರೆಲ್ಲ ಕಣ್ಣು ಮುಚ್ಚಿ ನಂಬುವ ಬೋರ್ಡೋ ಅದು. ನಾದಿನಿಯ ಗಂಡ ಒಂದು ಹಳೆಯ ಚಾಕುವನ್ನು ಡ್ರಮ್ಮಿನಲ್ಲಿ ಅದ್ದಿ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಕಬ್ಬಿಣದ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣ ಬೆರೆಸಬೇಕು, ಇಲ್ಲದಿದ್ದರೆ ಗರಿ ಸುಟ್ಟುಹೋಗುತ್ತದೆ. ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸುಣ್ಣ ಬೆರೆತ ಮೈಲುತುತ್ತದ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು ರಸ್ತೆಗೆ ಹೋಗಿ ನಿಂತೆ. ನಾದಿನಿ ಹಿಂದೆಯೇ ಬಂದಳು. "ಅತ್ತಿಗೆ, ನೀವಿನ್ನೂ ಅದನ್ನ ಮರ್ತಿಲ್ವಾ?" ಎಂದಳು. ಮರೆಯುವಂಥದ್ದಾಗಿದ್ದರೆ ಮರೆಯದೆ ಇರಲು ನನಗೇನು ಹುಚ್ಚೇ?

ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷವಾಗಿದ್ದ ಕಾಲ. ಕೊಪ್ಪದ ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ, ಮನೆ ಹಿರೇಕೊಡಿಗೆಯಲ್ಲಿ. ನಮ್ಮವರು ಕೊನೆಗಾರರು. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗೆ ಮುಂಚೆ ಮದ್ದು ಹೊಡೆಯುವುದು ಅವರ ಕಸುಬು. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಒಂದು ಮರ ಹತ್ತಿದರೆಂದರೆ, ಅದನ್ನೇ ತೂಗಿ ಬಗ್ಗಿಸಿ ಪಕ್ಕದ ಮರ ಹಿಡಿದು, ಅಲ್ಲಿಂದ ಮತ್ತೊಂದಕ್ಕೆ ದಾಟಿ, ನೆಲ ಮುಟ್ಟದೆ ಅರ್ಧ ತೋಟ ಮುಗಿಸುವವರು. ನನ್ನನ್ನು ನೋಡಲು ಬಂದ ದಿನ ಜಗಲಿಯ ಚಾಪೆಯ ಮೇಲೆ ಕೂತು ಚಡಪಡಿಸುತ್ತಿದ್ದರು. ಈ ಹುಡುಗನಿಗೆ ನೆಲದ ಮೇಲೆ ಕೂತು ಅಭ್ಯಾಸವೇ ಇಲ್ಲ ಎಂದು ನನ್ನ ಅಪ್ಪ ನಕ್ಕಿದ್ದರು. ಇಂಥವರು ಹಿಂದಿನ ಮಳೆಗಾಲದಲ್ಲಿ, ಎನ್.ಆರ್.ಪುರದ ಹತ್ತಿರ ಮಲ್ಲೇಶಪ್ಪ ಎಂಬವರ ತೋಟದಲ್ಲಿ, ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು.

ಮೂಳೆ ಕೂಡಿತು, ಹೆದರಿಕೆ ಬಿಡಲಿಲ್ಲ. ಬೆಳಿಗ್ಗೆ ತಳೆ ಹಿಡಿದು ಹೋಗುವರು, ಆಳೆತ್ತರ ಹತ್ತುವರು, ಕಾಲು ಗಡಗಡ ನಡುಗಿ ಇಳಿದುಬಿಡುವರು. ನಾಲ್ಕು ಕಡೆ ಹೀಗಾದ ಮೇಲೆ ತೋಟದವರು ಕರೆಯುವುದನ್ನು ನಿಲ್ಲಿಸಿದರು. ಕೊನೆಗೆ ನನ್ನ ಅಂಗಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು ಬ್ಲೌಸುಗಳಿಗೆ ಹುಕ್ಕು ಹಾಕತೊಡಗಿದರು. ಹೆಂಗಸರು ಅಳತೆ ಕೊಡಲು ಬಂದರೆ ಎದ್ದು ಹೊರಗೆ ಹೋಗಿ ನಿಲ್ಲುವರು. ಮಳೆಯಿದ್ದರೂ ಹೊರಗೇ. ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು. ಈ ಮನುಷ್ಯ ಮತ್ತೆ ಮರ ಹತ್ತದಿದ್ದರೆ ನನ್ನ ಕಣ್ಣೆದುರಿಗೇ ಕರಗಿಹೋಗುತ್ತಾನೆ ಎಂದು ನನಗೆ ದಿಗಿಲಾಗಿತ್ತು.

ಹೀಗಿರುವಾಗ ಒಂದು ದಿನ ಮಲ್ಲೇಶಪ್ಪನವರೇ ಅಂಗಡಿಗೆ ಬಂದರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಎರಡು ಅಂಗಡಿ ಆಚೆಗೂ ಕೇಳುವ ದನಿ. ತಮ್ಮ ತೋಟದಲ್ಲಿ ಬಿದ್ದದ್ದರಿಂದ ಅವರಿಗೆ ಒಳಗೊಳಗೇ ಅಳುಕು ಇತ್ತು.

"ಚಂದ್ರು, ಬ್ಲೌಸ್ ಹೊಲ್ಕಂಡು ಕೂರೋ ವಯಸ್ಸಾ ಇದು ಮಾರಾಯ? ಭಾನುವಾರ ಎನ್.ಆರ್.ಪುರಕ್ಕೆ ಬಾ. ಮಂಜಿ ಎಬ್ಬಿಸ್ತಾ ಇದೀವಿ. ಸಂಬಳ ಗಿಂಬಳ ಇಲ್ಲ, ಊಟ ನಮ್ಮನೇದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾರಮ್ಮ ಲಲಿತಾ. ಹಾಯಿ ಹರಿದು ಚಿಂದಿಯಾಗಿದೆ. ಹೊಲಿಗೆ ಬರೋರು ನಮ್ಮಲ್ಲಿ ಒಬ್ರೂ ಇಲ್ಲ" ಎಂದರು.

ಮಂಜಿ ಎಂದರೆ ಕರಾವಳಿಯ ಹಾಯಿ ಹಡಗು. ಭದ್ರಾ ಅಣೆಕಟ್ಟು ತುಂಬಿ ಹಿನ್ನೀರು ಊರುಗಳ ನಡುವೆ ಚಾಚಿಕೊಂಡ ಕಾಲದಲ್ಲಿ, ಘಟ್ಟದ ಕೆಳಗಿನ ಬಡಗಿಗಳನ್ನು ಕರೆಸಿ ದಡದಲ್ಲೇ ಕಟ್ಟಿಸಿದ್ದರಂತೆ. ಸಮುದ್ರದ ಮಂಜಿಗಿಂತ ಚಿಕ್ಕದು. ಆದರೂ ಒಂದು ಬಸ್ಸಿನಷ್ಟು ಉದ್ದ, ನಡುವೆ ತೇಗದ ಕೂವೆಮರ, ಅದರ ತುದಿಯಿಂದ ಇಳಿಬಿಡುವ ಹಾಯಿ. ಆಚೆ ದಡದ ಹೊಸ್ಕೇರಿಯ ಜನ, ಅವರ ಭತ್ತ, ಎಲ್ಲ ಅದರಲ್ಲೇ ದಾಟುತ್ತಿದ್ದವು. ಆಮೇಲೆ ಮೋಟರ್ ಲಾಂಚು ಬಂತು, ಮಂಜಿ ದಡದಲ್ಲಿ ಮಲಗಿತು. ಈಗ ಲಾಂಚೂ ಕೆಟ್ಟು ನಿಂತಿತ್ತು. ಹೊಸ್ಕೇರಿಯವರು ಬಾಣಂತಿಯನ್ನು ಕೂಡ ಕಾಡಿನ ದಾರಿಯಲ್ಲಿ ಸುತ್ತುಹಾಕಿ ಹೊತ್ತು ತರುತ್ತಿದ್ದರು. ಯಾರು ಯಾರಿಗೋ ಹೇಳಿ ಸಾಕಾದ ಮಲ್ಲೇಶಪ್ಪನವರು, ಮಂಜಿಯನ್ನು ನಾವೇ ರಿಪೇರಿ ಮಾಡಿ ನಾವೇ ನಡೆಸೋಣ ಎಂದು ಜನ ಕೂಡಿಸಿದ್ದರು. ಶೃಂಗೇರಿಯ ಕಾಲೇಜು ಮೇಷ್ಟ್ರು ಒಬ್ಬರು, ಎನ್.ಆರ್.ಪುರದ ಹೋಟೆಲಿನವರು ಒಬ್ಬರು, ಹೊಸ್ಕೇರಿಯ ನಾಲ್ಕೈದು ಮಂದಿ, ಅವರ ಜೊತೆಗೆ ನಾವು ಗಂಡ ಹೆಂಡತಿ.

ಇಷ್ಟು ಜನರಲ್ಲಿ ಹಡಗು ಗೊತ್ತಿದ್ದವರು ಒಬ್ಬರೇ, ಸೋಮಯ್ಯ ತಾಂಡೇಲರು. ತಾಂಡೇಲ ಎಂದರೆ ಚುಕ್ಕಾಣಿ ಹಿಡಿದು ಹಡಗು ನಡೆಸುವವನು. ಗಂಗೊಳ್ಳಿಯ ಕಡೆಯಿಂದ ತಂದೆಯ ಜೊತೆ ಬಂದು ಇಲ್ಲೇ ನಿಂತವರು. ಎಪ್ಪತ್ತು ದಾಟಿದ ಒಣಕಲು ಮೈ. ಹಿನ್ನೀರಿನ ದಡದ ಮನೆಯಲ್ಲಿ ಮಗಳು ಕಮಲಳ ಜೊತೆ ಇದ್ದರು. ಅಣೆಕಟ್ಟು ಕಟ್ಟುವಾಗ ಕಡಿದ ಕಾಡಿನ ಬೊಡ್ಡೆಗಳು ಇವತ್ತಿಗೂ ನೀರಿನಡಿಯಲ್ಲಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ತಾಂಡೇಲರು ಆ ಬಯಲಿನಲ್ಲಿ ಒಬ್ಬರೇ ನಡೆದಾಡಿ ಯಾವ ಬೊಡ್ಡೆ ಎಲ್ಲಿದೆ ಎಂದು ನೋಡಿಕೊಂಡು ಬರುತ್ತಿದ್ದರು. ಮಂಜಿ ಮಲಗಿದ ಮೇಲೂ ಆ ನಡಿಗೆ ಬಿಟ್ಟಿರಲಿಲ್ಲ. "ನಾನು ಬೊಡ್ಡೆಗೆ ಬಡ್ಸಿದ್ದು ಇಲ್ಲ. ನನ್ನ ಅಪ್ಪನೂ ಬಡ್ಸಿದ್ದು ಇಲ್ಲ" ಎಂದು ಮೊದಲ ದಿನವೇ ನಮಗೆ ಹೇಳಿದರು. ಬೇರೆ ಯಾವ ವಿಷಯದಲ್ಲೂ ಅವರು ಜಂಬ ಪಟ್ಟದ್ದನ್ನು ನಾನು ಕಾಣೆ.

ಚಳಿಗಾಲವಿಡೀ ಭಾನುವಾರ ಬಂತೆಂದರೆ ನಮಗೆ ಅದೇ ಕೆಲಸ. ಕೊಪ್ಪದ ಮೊದಲ ಬಸ್ಸು ಹಿಡಿದು ಹೋಗುವುದು, ಹೊತ್ತು ಮುಳುಗುವಾಗ ಬರುವುದು. ಗಂಡಸರು ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ, ಮೇಲೆ ಕಾಯಿಸಿದ ರಾಳ ಬಳಿಯುವರು. ನಾನು ದಡದ ಮೇಲೆ ಹಾಯಿ ಹರವಿಕೊಂಡು ಕೂರುವೆ. ಆ ಬಟ್ಟೆಗೆ ನನ್ನ ಮಿಷನ್ನಿನ ಸೂಜಿ ನಾಟಲಿಲ್ಲ. ಅಡಿಕೆ ಚೀಲ ಹೊಲಿಯುವ ದಬ್ಬಣದಲ್ಲಿ ಕೈಯಲ್ಲೇ ಹೊಲಿದೆ. ಅಂಗೈ ಬೊಬ್ಬೆ ಎದ್ದಿತು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ನೋವು ತಿನ್ನಬೇಕಾ ಎಂದು ಗೊಣಗುತ್ತಲೇ ಹೊಲಿದೆ. ತಾಂಡೇಲರು ಬಂದು ಹೊಲಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, "ಗಾಳಿಗೆ ನಿಲ್ತದೆ ತಂಗಿ" ಎಂದು ಹೋಗುವರು. ಹೆಂಗಸರಿಂದ ಬ್ಲೌಸಿನ ತೋಳು ಬಿಗಿ, ಕತ್ತು ಸಡಿಲ ಎಂದು ಕೇಳಿ ಕೇಳಿ ಸಾಕಾಗಿದ್ದ ನನಗೆ ಆ ಒಂದು ಮಾತು ಎಷ್ಟು ಹಿತವಾಗುತ್ತಿತ್ತೆಂದು ಹೇಳಲಾರೆ.

ಸಂಕ್ರಾಂತಿ ಕಳೆದ ಮೇಲೆ ಕೂವೆಮರದ ತುದಿಯ ರಾಟೆಗೆ ಹೊಸ ಹಗ್ಗ ಏರಿಸುವ ದಿನ ಬಂತು. ತಾಂಡೇಲರು ನಮ್ಮವರನ್ನು ಕರೆದರು.

"ಚಂದ್ರು, ಹಗ್ಗ ಅಲ್ಲಿಗೆ ಹೋಗ್ಬೇಕು. ಮೊದ್ಲಾದ್ರೆ ನಾನೇ ಹತ್ತುತಿದ್ದೆ, ಈಗ ನನ್ನ ಕೈಲಿ ಆಗುದಿಲ್ಲ. ಇವ್ರು ಯಾರ ಕೈಲೂ ಆಗುದಿಲ್ಲ. ನೀನು ಹತ್ತದಿದ್ರೆ ಹಾಯಿ ಇಲ್ಲ."

"ಅಜ್ಜ, ನನ್ನ ಕಾಲು ನಡುಗ್ತದೆ."

"ನಡುಗ್ಲಿ. ನಡುಗ್ತಾನೇ ಹತ್ತು. ಎಂತ ಅವಸರ ಉಂಟು ನಮಗೆ?"

ಎಲ್ಲರೂ ನೋಡುತ್ತಾ ನಿಲ್ಲುತ್ತಾರೆಂದು ನಾನು ಹೆದರಿದ್ದೆ. ಮಲ್ಲೇಶಪ್ಪನವರು ಎಲ್ಲರನ್ನೂ ಬಾಳೆಹಣ್ಣು ತಿನ್ನಲು ಆ ಕಡೆ ಕರೆದುಕೊಂಡು ಹೋದರು. ಅಷ್ಟು ಸೂಕ್ಷ್ಮ ಆ ಗಟ್ಟಿ ಗಂಟಲಿನ ಮನುಷ್ಯನಲ್ಲಿ ಇತ್ತು. ನಾನು ಮಾತ್ರ ದಬ್ಬಣ ಹಿಡಿದು ತಲೆ ಬಗ್ಗಿಸಿ ಕೂತಿದ್ದೆ, ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ತಳೆ ಸಿಕ್ಕಿಸಿಕೊಂಡರು. ಆಳೆತ್ತರ ಹೋಗಿ ನಿಂತರು. ಕಾಲು ನಡುಗುವುದು ಕಾಣುತ್ತಿತ್ತು. ತಾಂಡೇಲರು ಕೆಳಗೆ ನಿಂತು ಅವರ ಕಡೆ ನೋಡದೆ ಹಗ್ಗ ಬಿಡಿಸುತ್ತಾ ಯಾವುದೋ ಹಳೆಯ ಬಿರುಗಾಳಿಯ ಕಥೆ ಹೇಳುತ್ತಲೇ ಇದ್ದರು. ಕಥೆ ಮುಗಿಯುವ ಹೊತ್ತಿಗೆ ನಮ್ಮವರು ತುದಿಯಲ್ಲಿದ್ದರು. ಇಳಿದು ಬಂದಾಗ ಮುಖವೆಲ್ಲ ಬೆವರು. ನನ್ನ ಪಕ್ಕ ಕುಕ್ಕರಿಸಿ, "ಅಲ್ಲಿಂದ ಹೊಸ್ಕೇರಿ ಕಾಣ್ತದೆ ಕಣೇ" ಎಂದರು. ನನಗೆ ಅಳು ಬಂತು. ಮರುವಾರ ಹರಿಹರಪುರದ ತೋಟವೊಂದರಲ್ಲಿ ಕೊನೆ ಇಳಿಸಿದರು. ಸ್ಟೂಲು ಖಾಲಿಯಾಯಿತು. ಆ ಮನುಷ್ಯ ನನಗೆ ವಾಪಸು ಸಿಕ್ಕಿದ್ದು ಮಂಜಿಯಿಂದ ಮತ್ತು ತಾಂಡೇಲರಿಂದ. ಇದನ್ನು ನಾನು ಯಾವತ್ತೂ ಇಲ್ಲವೆನ್ನಲಾರೆ.

ಬೇಸಿಗೆಯಲ್ಲಿ ತಾಂಡೇಲರು ತಮ್ಮನ ಮಗಳ ಮದುವೆಗೆಂದು ಘಟ್ಟ ಇಳಿದರು. ಹೋಗುವಾಗ ಒಂದೇ ಕೆಲಸ ಹೇಳಿ ಹೋಗಿದ್ದರು. ಹಲಗೆಗಳಿಗೆ ಒಳಗೂ ಹೊರಗೂ ಮೀನೆಣ್ಣೆ ಕುಡಿಸಬೇಕು, ಇಲ್ಲದಿದ್ದರೆ ಮರ ಕೊಳೆಯುತ್ತದೆ, ಹುಳ ಬೀಳುತ್ತದೆ. ಎಣ್ಣೆಯ ಡಬ್ಬಗಳನ್ನೂ ತರಿಸಿಟ್ಟಿದ್ದರು. ಮುಚ್ಚಳ ತೆಗೆದದ್ದೇ ಶೃಂಗೇರಿಯ ಮೇಷ್ಟ್ರು ಮೂಗಿಗೆ ಪಂಚೆಯ ಸೆರಗು ಒತ್ತಿಕೊಂಡು ದೂರ ಹೋದರು. ಹೋಟೆಲಿನವರು, "ಇದನ್ನ ಮುಟ್ಟಿ ನಾನು ಅಡುಗೆಮನೆಗೆ ಹೋದ್ರೆ ಗಿರಾಕಿಗಳು ಎದ್ದು ಹೋಗ್ತಾರೆ" ಎಂದರು.

ಮಲ್ಲೇಶಪ್ಪನವರಂತೂ ಕೈಮುಗಿದುಬಿಟ್ಟರು. "ಬೆಳಗಾದ್ರೆ ಇದೇ ಕೈಯಲ್ಲಿ ಲಿಂಗಪೂಜೆ ಮಾಡ್ಬೇಕು. ಮೀನೆಣ್ಣೆ ಮುಟ್ಟಿದ ಕೈ ಎಷ್ಟು ತೊಳೆದ್ರೂ ಮೀನೆಣ್ಣೆದೇ. ಬೇರೆ ಎಂತಾದ್ರೂ ದಾರಿ ಹೇಳ್ರಪ್ಪ."

ಮೀನು ತಿನ್ನುವ ನಮಗೆ ಇದೆಲ್ಲ ತಮಾಷೆಯಾಗಿ ಕಂಡಿತು. ನಾವಿಬ್ಬರೇ ಹಚ್ಚಿಬಿಡುತ್ತೇವೆ ಎಂದರೆ, ಅದರ ಮೇಲೆ ಕೂರುವವರು ಅವರೇ ತಾನೆ? ಮಾತು ಹೀಗೇ ಎಳೆದಾಡುತ್ತಿದ್ದಾಗ ನಮ್ಮವರು ಹೇಳಿದರು: "ಬೋರ್ಡೋ ಹೊಡೆದ್ರೆ ಆಯ್ತಲ್ಲ. ಅಡಿಕೆ ಕೊಳೆಗೆ ಆಗೋದು ಹಲಗೆ ಕೊಳೆಗೆ ಯಾಕೆ ಆಗಲ್ಲ?"

ಎಲ್ಲರ ಮುಖ ಅರಳಿತು. ಬೋರ್ಡೋ ಎಂದರೆ ನಮ್ಮ ಮನೆಯದೇ ವಸ್ತು. ಮಲ್ಲೇಶಪ್ಪನವರ ಕೊಟ್ಟಿಗೆಯಲ್ಲಿ ಮೈಲುತುತ್ತದ ಚೀಲ ಇತ್ತು, ಡ್ರಮ್ಮು ಇತ್ತು, ಪಂಪು ಇತ್ತು. ಬೆರೆಸುವುದರಲ್ಲಿ ನಮ್ಮವರನ್ನು ಮೀರಿಸುವವರು ಇರಲಿಲ್ಲ. ಸುಣ್ಣ ಹೆಚ್ಚಾದರೆ ಹಲಗೆಯ ಮೇಲೆ ಬೆಳ್ಳಗೆ ಕೂತು ಉದುರುತ್ತದೆ, ಒಳಗೆ ಇಳಿಯುವುದಿಲ್ಲ ಎಂದು ಸುಣ್ಣವನ್ನು ಬೇಕೆಂದೇ ಕಮ್ಮಿ ಹಾಕಿದರು. ಅಭ್ಯಾಸಬಲದಿಂದ ಚಾಕು ಅದ್ದಿ ನೋಡಿದರು. ಅಲಗು ಕೆಂಪಗಾಯಿತು.

"ತಾಮ್ರ ಹಿಡೀತಲ್ಲೋ ಚಂದ್ರು" ಎಂದರು ಮಲ್ಲೇಶಪ್ಪನವರು.

"ಹಿಡೀಲಿ ಬಿಡಿ. ಮಂಜಿಗೆ ಸುಡೋಕೆ ಗರಿ ಇದ್ಯಾ?"

ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಆ ಬೇಸಿಗೆಯಲ್ಲಿ ಮೂರು ಸಲ ಹೊಡೆದರು, ಒಳಗೂ ಹೊರಗೂ, ಹಲಗೆ ಕುಡಿಯುವಷ್ಟು. ಮಂಜಿ ನವಿಲಿನ ಕೊರಳಿನ ಬಣ್ಣಕ್ಕೆ ತಿರುಗಿತು. ಹಡಗು ನೋಡಲು ಬಂದವರೆಲ್ಲ ಬಣ್ಣ ಚೆನ್ನಾಗಿದೆ ಎಂದು ಹೊಗಳಿದರು. ತಾಂಡೇಲರು ಮದುವೆ ಮುಗಿಸಿ ಬಂದು ಹಲಗೆ ಸವರಿ, ಬೆರಳು ಮೂಸಿ, "ಇದು ಎಂತ?" ಎಂದು ಕೇಳಿದರು. ಹೇಳಿದೆವು. ಅವರಿಗೆ ಅಡಿಕೆಯ ಮದ್ದು ಗೊತ್ತಿರಲಿಲ್ಲ. ಒಂದೇ ಒಂದು ಹುಳದ ತೂತೂ ಬಿದ್ದಿಲ್ಲವೆಂದು ನೋಡಿ, "ಅಡ್ಡಿಲ್ಲ, ನಿಮ್ಮ ಮದ್ದು ಲಾಯ್ಕ್ ಉಂಟು" ಎಂದುಬಿಟ್ಟರು.

ಪುನರ್ವಸು ಮಳೆಯಲ್ಲಿ ಹಿನ್ನೀರು ಏರುತ್ತಾ ಏರುತ್ತಾ ತಾನೇ ಬಂದು ಮಂಜಿಯನ್ನು ಎತ್ತಿಕೊಂಡಿತು. ನಾವು ತಳ್ಳಬೇಕಾಗಲೇ ಇಲ್ಲ. ಹಾಯಿ ಬಿಚ್ಚಿದ ಮೊದಲ ಭಾನುವಾರ ಹೊಸ್ಕೇರಿಯ ಹೆಂಗಸರು ದಡದಲ್ಲಿ ಆರತಿ ಹಿಡಿದು ನಿಂತಿದ್ದರು. ತಾಂಡೇಲರು ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಚುಕ್ಕಾಣಿ ಹಿಡಿದರು. ಬೆನ್ನು ಹೇಗೆ ನೆಟ್ಟಗಾಯಿತೆಂದು ಕಮಲಳೂ ನಾನೂ ಮುಖ ಮುಖ ನೋಡಿಕೊಂಡೆವು. ಆ ಮೇಲಿನ ಭಾನುವಾರಗಳಲ್ಲಿ ಜ್ವರದವರು, ಸಂತೆಯವರು, ಮದುವೆಯ ದಿಬ್ಬಣದವರು ಕೂಡ ದಾಟಿದರು. ಮಂಜಿ ಸ್ವಲ್ಪ ಸ್ವಲ್ಪ ನೀರು ಬಿಟ್ಟುಕೊಳ್ಳುತ್ತಿತ್ತು. ಡಬ್ಬದಲ್ಲಿ ಮೊಗೆದು ಚೆಲ್ಲುತ್ತಿದ್ದೆವು. ಬಹಳ ದಿನ ಒಣಗಿದ ಹಡಗು ಮೊದಲ ಮಳೆಗಾಲದಲ್ಲಿ ಕುಡಿಯುವುದೇ ಹಾಗೆ, ಹಲಗೆ ಉಬ್ಬಿದ ಮೇಲೆ ನಿಲ್ಲುತ್ತದೆ ಎಂದು ತಾಂಡೇಲರು ಹೇಳಿದರು. ಬೇರೆ ಯಾವ ಹಡಗಿಗಾದರೂ ಆ ಮಾತು ನಿಜವಾಗಿರುತ್ತಿತ್ತು.

ಮಘೆ ಮಳೆಯ ಒಂದು ಭಾನುವಾರ. ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು, ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಿತು. ಹೊಸ್ಕೇರಿಯ ಮೂವರನ್ನು ಬಿಡಲು ಹೊರಟಿದ್ದೆವು. ತಾಂಡೇಲರು ಚುಕ್ಕಾಣಿಯಲ್ಲಿ, ನಮ್ಮವರು ಹಾಯಿಯ ಹಗ್ಗದಲ್ಲಿ, ಮಲ್ಲೇಶಪ್ಪನವರು ಮುಂದೆ, ನಾನು ನೀರು ಮೊಗೆಯುವ ಡಬ್ಬದ ಜೊತೆ. ನಡುನೀರು ದಾಟಿದ ಮೇಲೆ ಗಾಳಿ ಒಮ್ಮೆಗೇ ಬಲವಾಯಿತು, ಹಾಯಿ ಉಬ್ಬಿ ಮಂಜಿ ವಾಲಿತು. ಆಗ ಮುಂದುಗಡೆಯಿಂದ ಸದ್ದು ಬಂತು. ಬಿಗಿಯಾದ ಬ್ಲೌಸಿನ ಗುಂಡಿಗಳು ಒಂದರ ಹಿಂದೊಂದು ಕಿತ್ತು ಹಾರುವಾಗ ಬರುತ್ತದಲ್ಲ, ಅಂಥ ಸದ್ದು. ನನಗೆ ಆ ಹೊತ್ತಿನಲ್ಲೂ ಮೊದಲು ನೆನಪಾದದ್ದು ಅದೇ. ನೋಡನೋಡುತ್ತಿದ್ದಂತೆ ಕಾಲಿನಡಿ ನೀರು ಮೊಣಕಾಲಿಗೆ ಬಂತು.

"ಹಲಗೆ ಬಿಟ್ಟಿತು! ಕಂಬಳಿ ತನ್ನಿ!" ಎಂದು ಮಲ್ಲೇಶಪ್ಪನವರು ಕೂಗಿದರು. ಯಾರದೋ ಕಂಬಳಿ ಎಳೆದುಕೊಂಡು ಮಂಜಿಯ ಮೂತಿಗೆ ಮುಚ್ಚಿದ್ದ ಹಲಗೆಯ ಅಟ್ಟದ ಕೆಳಗೆ ಇಳಿದರು, ಸಂದಿಗೆ ತುರುಕಲು. ತಾಂಡೇಲರು ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದರು. ನೀರಿನಡಿ ಮುಳುಗಿದ ಗುಡ್ಡವೊಂದರ ನೆತ್ತಿ ಹತ್ತಿರದಲ್ಲೇ ಇದೆಯೆಂದು ಅವರೊಬ್ಬರಿಗೇ ಗೊತ್ತಿತ್ತು. ಅಲ್ಲಿಗೆ ಮುಟ್ಟಿದೆವು, ಆದರೆ ತೇಲುತ್ತಾ ಅಲ್ಲ. ಮೂತಿ ಮುಂದಾಗಿ ಮುಳುಗುತ್ತಾ ಹೋಗಿ ಮಂಜಿ ಆ ನೆತ್ತಿಯ ಮೇಲೆ ಕೂತಿತು. ಕೂವೆಮರ ಮಾತ್ರ ನೀರಿನಿಂದ ಮೇಲೆ ಉಳಿಯಿತು. ನಮ್ಮವರು ನನ್ನ ಜಡೆ ಹಿಡಿದು ಅದರ ಬುಡಕ್ಕೆ ಎಳೆದರು. ಹೊಸ್ಕೇರಿಯ ಮೂವರೂ ತಾಂಡೇಲರೂ ಅದಕ್ಕೇ ಜೋತುಬಿದ್ದರು. ಮಲ್ಲೇಶಪ್ಪನವರು ಅಟ್ಟದ ಕೆಳಗಿಂದ ಮೇಲೆ ಬರಲಿಲ್ಲ. ನಮ್ಮವರು ಮತ್ತೆ ಮತ್ತೆ ಮುಳುಗಿ ಹುಡುಕಿದರು. ದಡದವರು ತೆಪ್ಪ ತಂದು ನಮ್ಮನ್ನು ಇಳಿಸುವಾಗಲೂ, "ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತಿದ್ದರು. ಹೆಣ ಮರುದಿನ ಸಿಕ್ಕಿತು. ಕಂಬಳಿ ಕೈಯಲ್ಲೇ ಇತ್ತು.

ಮಂಜಿ ಕೂತಿದ್ದ ಜಾಗದಲ್ಲಿ ಒಂದು ಬೊಡ್ಡೆ ಇತ್ತು. ಹಡಗು ಅದರ ಮೇಲೆಯೇ ಒರಗಿಕೊಂಡಿತ್ತು. ಹೆಣ ಹುಡುಕಲು ಮುಳುಗಿ ನೋಡಿದವರಿಗೆ ಅಷ್ಟೇ ಸಾಕಾಯಿತು. ಮುದುಕ ಬೊಡ್ಡೆಗೆ ಬಡಿಸಿದ ಎಂದು ಸಂಜೆಯೊಳಗೆ ಪೇಟೆಯೆಲ್ಲ ಮಾತಾಯಿತು. ಕಣ್ಣು ಕಾಣದವನ ಕೈಗೆ ಚುಕ್ಕಾಣಿ ಕೊಟ್ಟರು, ಘಟ್ಟದ ಕೆಳಗಿನವನಿಗೆ ನಮ್ಮ ನೀರು ಹೇಗೆ ಗೊತ್ತಾಗಬೇಕು ಎಂದರು. ನಲವತ್ತು ವರ್ಷ ಇಲ್ಲಿಯ ನೀರು ಕುಡಿದವರು ಒಂದೇ ದಿನದಲ್ಲಿ ಘಟ್ಟದ ಕೆಳಗಿನವರಾದರು. ಅವರು ಮೊದಲು, "ಬಡ್ದ ಸದ್ದು ನಂಗೆ ಕೇಳ್ಲಿಲ್ಲ" ಎಂದು ಹೇಳುತ್ತಿದ್ದರು. ಎಲ್ಲರೂ ಅದೇ ಹೇಳಿ ಹೇಳಿ ಕೊನೆಗೆ ಅವರೂ, "ಕೇಳದೇ ಇರ್ಬಹುದು, ಕಿವಿ ಮಂದ ಆಗ್ಯದೆ" ಎನ್ನತೊಡಗಿದರು ಎಂದು ಕಮಲ ಹೇಳಿದಳು.

ಹೊಸ್ಕೇರಿಯವರು ಹಗ್ಗ ಕಟ್ಟಿ ಮಂಜಿಯನ್ನು ದಡಕ್ಕೆ ಎಳೆದು ಹಾಕಿದ್ದರು. ಹಾಯಿಯನ್ನು ಬಿಡಿಸಿ ತರಲು ನಾವಿಬ್ಬರೂ ಹೋದೆವು. ನಮ್ಮವರು ಮುಂದುಗಡೆಯ ಬಿಟ್ಟುಹೋದ ಹಲಗೆಯ ಹತ್ತಿರ ಬಗ್ಗಿದರು. ಹಲಗೆ ಎಲ್ಲೂ ಒಡೆದಿರಲಿಲ್ಲ, ಒಂದು ಗೀರೂ ಇರಲಿಲ್ಲ. ಮೊಳೆಗಳಿಂದ ಕಳಚಿಕೊಂಡಿತ್ತು, ಅಷ್ಟೆ. ಪಕ್ಕದ ಹಲಗೆಯ ಮೊಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರು. ಮುಳ್ಳು ತೆಗೆದ ಹಾಗೆ ಹೊರಗೆ ಬಂತು. ಹೆಬ್ಬೆರಳಿನ ಗಾತ್ರವಿದ್ದ ಕಬ್ಬಿಣದ ಮೊಳೆ ನನ್ನ ದಬ್ಬಣಕ್ಕಿಂತ ಸಪೂರವಾಗಿತ್ತು. ಮೇಲೆಲ್ಲ ಕೆಂಪಗೆ ತಾಮ್ರ ಕೂತಿತ್ತು.

ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿ, "ಲಲಿತಾ, ನಾನು ಇದನ್ನ ನೋಡಿದ್ದೆ ಕಣೇ. ಚಾಕುವಿನ ಮೇಲೆ ನೋಡಿದ್ದೆ. ತಾಮ್ರ ಕೂರೋದು ಕಬ್ಬಿಣಾನ ತಿಂದೇ ಅಂತ ಹೊಳೀಲಿಲ್ಲ" ಎಂದರು.

ಮನೆಗೆ ಬಂದು ಮಲಗಿದವರು ಏಳಲಿಲ್ಲ. ಜ್ವರ ಇರಲಿಲ್ಲ, ಆದರೂ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಎರಡನೇ ಸಲ ಮದ್ದು ಹೊಡೆಯುವ ಕಾಲ. ತೋಟದವರು ಅವರನ್ನು ಕರೆಯಲು ಮೂರು ಹೊತ್ತೂ ಮನೆ ಬಾಗಿಲಿಗೆ ಬರುತ್ತಿದ್ದರು. ನಮ್ಮವರು ಒಮ್ಮೆ ಮಾತ್ರ ಬಾಯಿ ಬಿಟ್ಟರು. "ಹೇಳಿದ್ರೆ ಇನ್ಯಾರು ನನ್ನ ಕೈಲಿ ಮದ್ದು ಬೆರೆಸ್ತಾರೆ? ಯಾರು ಮರ ಹತ್ತು ಅಂತಾರೆ?" ನಾನು ಹೇಳಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮೂಲೆಯ ಆ ಸ್ಟೂಲು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಅದರ ಪಕ್ಕದಲ್ಲೇ ತಾಂಡೇಲರ ಮುಖವೂ ಕಾಣುತ್ತಿತ್ತು.

ಮಲ್ಲೇಶಪ್ಪನವರ ಶಿವಗಣಾರಾಧನೆಯ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಬಿಳಿ ಶರ್ಟು ಹಾಕಿಕೊಂಡರು. ಆ ಮೊಳೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ. ಆರಾಧನೆಗೆ ಸುತ್ತಲಿನ ಊರುಗಳ ಬೆಳೆಗಾರರೆಲ್ಲ ಬಂದಿದ್ದರು. ಪೂಜೆ ಮುಗಿದು ಎಲೆ ಹಾಕುವ ಮುಂಚೆ ನಮ್ಮವರು ಅಂಗಳದ ನಡುವೆ ನಿಂತು ಎಲ್ಲವನ್ನೂ ಹೇಳಿದರು. ಮೊಳೆಯನ್ನು ಕೈಯಿಂದ ಕೈಗೆ ಕೊಟ್ಟರು. "ತಾಂಡೇಲರದ್ದು ಎಂತದೂ ತಪ್ಪಿಲ್ಲ. ಸುಣ್ಣ ಕಮ್ಮಿ ಹಾಕಿದ್ದು ನಾನು" ಎಂದರು.

ಗದ್ದಲವಾಗುತ್ತದೆ, ಹೊಡೆಯುತ್ತಾರೆ ಎಂದು ನಾನು ಹೆದರಿದ್ದೆ. ಯಾರೂ ಒಂದು ಬೆರಳೂ ಎತ್ತಲಿಲ್ಲ. ಮಲ್ಲೇಶಪ್ಪನವರ ತಮ್ಮ ರುದ್ರಪ್ಪ ಮೊಳೆಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. "ಹಳೇ ಮೊಳೆ, ತುಕ್ಕು ತಿಂದಿದೆ. ನಮ್ಮಪ್ಪನ ಕಾಲದಿಂದ ಬೋರ್ಡೋ ಹೊಡೀತಿದೀವಿ, ಅದು ಯಾರನ್ನ ಕೊಂದಿದೆ ಮಾರಾಯ? ನಿಂಗೆ ಆಘಾತ ಆಗಿದೆ, ನಾಲ್ಕು ದಿನ ಮಲ್ಕೋ" ಎಂದರು. ಉಳಿದವರೂ ಹೌದು ಹೌದು ಎಂದರು. ತಮ್ಮ ತೋಟ ಉಳಿಸುವ ಮದ್ದಿನ ಮೇಲೆ ತಪ್ಪು ಹೊರಿಸಲು ಒಬ್ಬರಿಗೂ ಮನಸ್ಸಿರಲಿಲ್ಲ. ಹೊರಗಿನ ಮುದುಕನ ಕಣ್ಣಿನ ಮೇಲೆ ಹೊರಿಸುವುದು ಎಲ್ಲರಿಗೂ ಸುಲಭವಾಗಿತ್ತು. ಮಲ್ಲೇಶಪ್ಪನವರ ಹೆಂಡತಿ ಗೌರಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಮದ್ದು ಹೊಡಿ ಅಂದಿದ್ದು ಅವ್ರಾ?" ಎಂದು ಕೇಳಿದರು.

"ಅಲ್ಲಮ್ಮ. ನಾನು."

ಗೌರಮ್ಮ, "ಊಟ ಮಾಡ್ಕಂಡು ಹೋಗಿ" ಎಂದು ಒಳಗೆ ಹೋದರು. ಪಂಕ್ತಿಯಲ್ಲಿ ನಮ್ಮವರ ಪಕ್ಕ ಕೂತ ಬೆಳೆಗಾರರೊಬ್ಬರು, ಪಾಯಸ ಬಡಿಸುವ ಹೊತ್ತಿಗೆ ಬಗ್ಗಿ, "ಚಂದ್ರು, ನಾಡಿದ್ದು ನಮ್ಮ ತೋಟಕ್ಕೆ ಬಂದ್ಬಿಡು. ಕೊಳೆ ಶುರುವಾಗಿದೆ" ಎಂದರು. ಹೇಳಿದರೆ ಕಳೆದುಹೋಗುತ್ತದೆ ಎಂದು ನಮ್ಮವರು ಹೆದರಿದ್ದ ಕೆಲಸ ಎಲ್ಲಿಗೂ ಹೋಗಲಿಲ್ಲ. ನಂಬಿದ್ದರೆ ತಾನೆ ಹೋಗುವುದು? ಅವರು ಎಲೆಯ ಮೇಲಿನ ಅನ್ನವನ್ನು ಮುಟ್ಟದೆ ಎದ್ದರು.

ಅಲ್ಲಿಂದ ನೇರ ತಾಂಡೇಲರ ಮನೆಗೆ ನಡೆದೆವು. ಕಮಲ ಅಕ್ಕಿ ಆರಿಸುತ್ತಾ ಬಾಗಿಲಲ್ಲಿ ಕೂತಿದ್ದಳು. ಅಪ್ಪ ನಿನ್ನೆ ತಾನೇ ಊರಿಂದ ಬಂದರು, ಮಲಗಿದ್ದಾರೆ ಎಂದಳು. ನಮ್ಮ ದನಿ ಕೇಳಿ ಅವರೇ ಎದ್ದು ಬಂದು ಗೋಡೆಗೆ ಒರಗಿ ಕೂತರು. ಇಷ್ಟೇ ದಿನದಲ್ಲಿ ಮುಖ ಅಂಗೈಯಷ್ಟಾಗಿತ್ತು. ನಮ್ಮವರು ಅವರ ಕಾಲ ಬಳಿ ಕೂತು ಮೊಳೆಯನ್ನು ಅವರ ಕೈಗಿಟ್ಟು ಮತ್ತೊಮ್ಮೆ ಎಲ್ಲ ಹೇಳಿದರು. ಡ್ರಮ್ಮು, ಚಾಕು, ಕಮ್ಮಿ ಹಾಕಿದ ಸುಣ್ಣ, ಗರಿಯ ತಮಾಷೆ, ಏನನ್ನೂ ಬಿಡಲಿಲ್ಲ. ತಾಂಡೇಲರು ಮೊಳೆಯನ್ನು ಬೆರಳುಗಳ ನಡುವೆ ಹೊರಳಿಸುತ್ತಾ ಕೇಳಿದರು.

"ಹಂಗಾರೆ ಬೊಡ್ಡೆ ಅಲ್ದಾ?"

"ಅಲ್ಲ ಅಜ್ಜ. ಹಲಗೆ ಮೇಲೆ ಗೀರೂ ಇಲ್ಲ."

"ನಾನು ಬಡ್ಸಿದ್ದು ಅಲ್ಲ?"

"ಅಲ್ಲ. ನೀವು ತಿರುಗಿಸಿದ್ದಕ್ಕೇ ನಾವು ಬದುಕಿದ್ದು."

ಕಮಲ ಮೊರವನ್ನು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಅಪ್ಪಾ, ನಾ ಹೇಳಿದ್ನಲ್ಲ, ನಿಮ್ಮದಲ್ಲ ಅಂತ ಹೇಳಿದ್ನಲ್ಲ" ಎಂದು ಅವರ ಮೊಣಕಾಲು ಹಿಡಿದುಕೊಂಡಳು. ಒಂದು ಕ್ಷಣ ಅವರ ಮುಖದಲ್ಲಿ ಹಳೆಯ ತಾಂಡೇಲ ಬಂದು ನಿಂತದ್ದನ್ನು ನಾನು ನೋಡಿದೆ. ಬೆನ್ನು ಗೋಡೆಯಿಂದ ಬಿಟ್ಟು ನೆಟ್ಟಗಾಯಿತು. ಆಮೇಲೆ ಏನೋ ನೆನಪಾದವರ ಹಾಗೆ ಮತ್ತೆ ಗೋಡೆಗೆ ಒರಗಿದರು.

"ಮೊನ್ನೆ ನಾನು ಊರಿಗೆ ಹೋದ್ದು ಎಂತಕ್ಕೆ ಗೊತ್ತುಂಟಾ?" ಎಂದರು. "ನಮ್ಮ ಮನೆದೇವ್ರ ಎದುರು ತಪ್ಪು ಕಾಣಿಕೆ ಇಡೂಕೆ. ನಮ್ಮಲ್ಲಿ ಹಾಗೆ. ತಪ್ಪು ಆದ್ರೆ ಇಂಥದ್ದು ಮಾಡಿದೆ ಅಂತ ದೇವ್ರ ಎದುರು ಬಾಯಿ ಬಿಟ್ಟು ಹೇಳಿ ಕಾಣಿಕೆ ಇಡ್ಬೇಕು. ನಾನು ಹೇಳಿದೆ, ಬೊಡ್ಡೆಗೆ ಬಡ್ಸಿ ಮಲ್ಲೇಶಪ್ಪನ್ನ ಕೊಂದವ ನಾನು ಅಂತ. ಇನ್ನು ಸಾಯೂವರೆಗೆ ಚುಕ್ಕಾಣಿ ಮುಟ್ಟೂದಿಲ್ಲ ಅಂತ ಮಾತು ಕೊಟ್ಟೆ. ನಮ್ಮೂರಿನವ್ರೆಲ್ಲ ಇದ್ರು."

"ಅಜ್ಜ, ನಾನೇ ಬರ್ತೀನಿ. ಅದೇ ದೇವ್ರ ಎದುರು ನಿಂತು ನಾನು ಹೇಳ್ತೀನಿ."

"ನಿನ್ನದು ನೀನು ಹೇಳ್ಬಹುದು. ನಾ ಹೇಳಿದ್ದನ್ನ ನೀನು ಹೇಗೆ ಅಳ್ಸೂದು?"

ತಾಂಡೇಲರು ಮೊಳೆಯನ್ನು ನಮ್ಮವರ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಮಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

"ಆಯಸ್ಸಿಡೀ ನಾನು ಬೊಡ್ಡೆಗೆ ಬಡ್ಸಿದವ ಅಲ್ಲ, ದೇವ್ರ ಎದುರು ಸುಳ್ಳು ಹೇಳಿದವನೂ ಅಲ್ಲ" ಎಂದರು. "ಈಗ ಸುಳ್ಳು ಹೇಳಿದ ಹಾಗಾಯ್ತಲ್ಲ ಚಂದ್ರು. ನೀನು ಸ್ವಲ್ಪ ಬೇಗ ಬರ್ಬೇಕಿತ್ತು."